ನಿತ್ಯದ ಬದುಕಿಗೆ ಯಾವ ಕ್ಯಾಮರಾ?

ಶಾಸನಗಳ ಬೆನ್ನು ಹತ್ತಿ ಊರೂರು ತಿರುಗುವವನೆಂದು ಬಂಧುಬಳಗದಲ್ಲಿ ನನಗೊಂದು ಹೆಸರಿದೆ. ಆ ಹೆಸರಿನೊಡನೆ ಕೊರಳಲ್ಲಿ ಕ್ಯಾಮರಾ ತೂಗಿಸಿಕೊಂಡವನೆಂಬ ಖ್ಯಾತಿಯೂ ಅಂಟಿಕೊಂಡಿರುವುದರಿಂದ ಮದುವೆ, ಜವಳ, ಗೃಹಪ್ರವೇಶ ಎಲ್ಲಿಗೆ ಹೋದರೂ ಊಟದ ಪಂಕ್ತಿ ಏಳುವಷ್ಟರಲ್ಲಿ ಯಾರಾದರೊಬ್ಬರು ಬಳಿ ಬಂದು ಕುಳಿತು ಕೇಳುತ್ತಾರೆ: "ಮನೆಗೊಂದು ಕ್ಯಾಮರಾ ತರಬೇಕೆಂದಿದ್ದೇವೆ. ಸಣ್ಣ ಕಾಂಪ್ಯಾಕ್ಟ್ ತರೋಣವೋ, ಮಿರರ್‌ಲೆಸ್ ತರೋಣವೋ?" ಹೀಗೆ ಕೇಳುವವರೆಲ್ಲ ಹಣವಂತರೆಂದು ತಿಳಿಯಬಾರದು. ಮಗಳ ಮೊದಲ ಸಂಬಳ, ಭತ್ತ ಮಾರಿ ಬಂದ ದುಡ್ಡು, ನಿವೃತ್ತಿಯ ಗಂಟು, ಇವುಗಳಲ್ಲಿ ಒಂದು ಪಾಲನ್ನು ತೆಗೆದಿರಿಸಿಕೊಂಡು ಕೇಳುವವರೇ ಹೆಚ್ಚು. ಆದುದರಿಂದ ಇದು ಕೈತೊಳೆಯುತ್ತ ನಿಂತು ಹಗುರವಾಗಿ ಉತ್ತರಿಸುವ ಪ್ರಶ್ನೆಯಲ್ಲ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಹೇಳುತ್ತ ಬಂದ ಮಾತುಗಳನ್ನು ಈ ಪತ್ರಿಕೆಯ ಓದುಗ ಬಂಧುಗಳ ಮುಂದೆ ಒಮ್ಮೆಗೇ ಇರಿಸುತ್ತಿದ್ದೇನೆ.

ಮೊದಲು ಹೆಸರಿನ ತೊಡಕನ್ನು ಬಿಡಿಸಿಕೊಳ್ಳಬೇಕು. ಬಾಲ್ಯದಲ್ಲಿ ಶ್ರೀಮಠದ ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಕಂಠಪಾಠ ಮಾಡಿದವನಿಗೆ ಹೆಸರು ಕಂಡೊಡನೆ ಅದರ ಲಕ್ಷಣವನ್ನು ಪರೀಕ್ಷಿಸುವ ಚಾಳಿ ಬಿಡದು. 'ಮಿರರ್‌ಲೆಸ್' ಎಂದರೆ ಕನ್ನಡಿಯಿಲ್ಲದ್ದು. ಹಾಗಾದರೆ ಕಾಂಪ್ಯಾಕ್ಟ್ ಕ್ಯಾಮರಾದಲ್ಲಿ ಕನ್ನಡಿಯುಂಟೇ? ಅದರಲ್ಲಿಯೂ ಇಲ್ಲ. ನಮ್ಮ ಕಿಸೆಯ ಮೊಬೈಲಿನಲ್ಲಿಯೂ ಇಲ್ಲ. ಅಲ್ಲಿಗೆ ಆ ಲಕ್ಷಣ ಅತಿವ್ಯಾಪ್ತಿ ದೋಷಕ್ಕೆ ಒಳಗಾಯಿತು. ಕೊಂಬುಳ್ಳದ್ದೇ ಆಕಳು ಎಂದರೆ ಎಮ್ಮೆಯೂ ಕೊಟ್ಟಿಗೆಯೊಳಗೆ ಬಂದು ನಿಲ್ಲುವುದಿಲ್ಲವೇ, ಹಾಗೆ. ಈ ಹೆಸರು ಹುಟ್ಟಿದ್ದು ಕಾಂಪ್ಯಾಕ್ಟಿಗೆ ಎದುರಾಗಿ ಅಲ್ಲ. ಪತ್ರಿಕಾ ಛಾಯಾಗ್ರಾಹಕರ ಕೊರಳಲ್ಲಿ ನಾವೆಲ್ಲ ಕಂಡಿದ್ದ ಎಸ್‌ಎಲ್‌ಆರ್ ಎಂಬ ದೊಡ್ಡ ಕ್ಯಾಮರಾಕ್ಕೆ ಎದುರಾಗಿ. ಅದರಲ್ಲಿ ಮಸೂರದ ಹಿಂದೆ ಓರೆಯಾಗಿ ಒಂದು ಕನ್ನಡಿ ನಿಂತಿರುತ್ತಿತ್ತು. ಒಳಬಂದ ಬೆಳಕನ್ನು ಅದು ಮೇಲಕ್ಕೆ ತಿರುಗಿಸಿ, ಐದು ಮೂಲೆಯ ಗಾಜಿನ ಮೂಲಕ ನೋಡುವವನ ಕಣ್ಣಿಗೆ ಮುಟ್ಟಿಸುತ್ತಿತ್ತು. ಗುಂಡಿ ಒತ್ತಿದ ಕ್ಷಣ ಕನ್ನಡಿ 'ಟಪ್' ಎಂದು ಮೇಲೆದ್ದು, ಬೆಳಕಿಗೆ ಹಿಂದಿನ ಫಿಲ್ಮಿನವರೆಗೆ ದಾರಿ ಬಿಡುತ್ತಿತ್ತು. ಆ ಕನ್ನಡಿಯನ್ನೂ ಗಾಜನ್ನೂ ತೆಗೆದುಹಾಕಿ, ಬೆಳಕನ್ನು ನೇರವಾಗಿ ಸೆನ್ಸರಿನ ಮೇಲೆ ಬೀಳಿಸಿ, ಅದು ಕಂಡದ್ದನ್ನು ಸಣ್ಣ ವಿದ್ಯುತ್ ಪರದೆಯ ಮೇಲೆ ತೋರಿಸುವುದೇ ಮಿರರ್‌ಲೆಸ್. ಪ್ಯಾನಸೋನಿಕ್ ಸಂಸ್ಥೆ 2008ರಲ್ಲಿ ಹೊರತಂದ ಜಿ1 ಮಾದರಿಯಿಂದ ಈ ಬಗೆಯ ಕ್ಯಾಮರಾಗಳ ಯುಗ ಆರಂಭವಾಯಿತೆನ್ನಬಹುದು. ಹತ್ತು ವರ್ಷ ಕಾದು ನೋಡಿದ ನಿಕಾನ್ ಮತ್ತು ಕ್ಯಾನನ್ ಸಂಸ್ಥೆಗಳು 2018ರಲ್ಲಿ ತಮ್ಮ ದೊಡ್ಡ ಸೆನ್ಸರಿನ ಕ್ಯಾಮರಾಗಳನ್ನೂ ಆ ದಾರಿಗೆ ತಂದವು. ಹೀಗಿರಲಾಗಿ ನಮ್ಮ ಪ್ರಶ್ನೆಯಲ್ಲಿ ಕನ್ನಡಿಯ ಪಾತ್ರವೇನೂ ಇಲ್ಲ. ನಿಜವಾದ ಭೇದ ಇಷ್ಟೇ: ಮಿರರ್‌ಲೆಸ್ಸಿನ ಲೆನ್ಸನ್ನು ಬಿಚ್ಚಿ ಬೇರೊಂದನ್ನು ತೊಡಿಸಬಹುದು, ಕಾಂಪ್ಯಾಕ್ಟಿನ ಲೆನ್ಸು ಅದರೊಡನೆಯೇ ಹುಟ್ಟಿ ಅದರೊಡನೆಯೇ ಅಳಿಯುವಂಥದು.

ಅಂಗಡಿಯವನು ಎರಡನೆಯ ಭೇದವನ್ನು ಮೊದಲು ಹೇಳುತ್ತಾನೆ, ಅದು ಸೆನ್ಸರಿನ ಅಳತೆ. ಸೆನ್ಸರನ್ನು ಮಳೆನೀರಿಗೆ ಅಂಗಳದಲ್ಲಿಟ್ಟ ಪಾತ್ರೆಗೆ ಹೋಲಿಸಬಹುದು. ಬಾಯಿ ಅಗಲವಾದಷ್ಟೂ ಹೆಚ್ಚು ಹನಿ ಬೀಳುತ್ತದೆ, ಹೆಚ್ಚು ಬೆಳಕು ಬಿದ್ದಷ್ಟೂ ಸಂಜೆಯ ಚಿತ್ರ ಶುಚಿಯಾಗುತ್ತದೆ. ಹಿಂದೆ ಮನೆಮನೆಗೂ ಬಂದಿದ್ದ ಅಗ್ಗದ ಡಿಜಿಟಲ್ ಕ್ಯಾಮರಾಗಳ ಸೆನ್ಸರು ಸುಮಾರು 6 ಮಿಲಿಮೀಟರ್ ಉದ್ದ, 4.5 ಮಿಲಿಮೀಟರ್ ಅಗಲ, ಕಡಲೆಬೇಳೆಗಿಂತ ದೊಡ್ಡದಲ್ಲ. ಉತ್ತಮ ಕಾಂಪ್ಯಾಕ್ಟಿನಲ್ಲಿರುವ 'ಒಂದು ಇಂಚಿನ' ಸೆನ್ಸರು 13.2ಕ್ಕೆ 8.8 ಮಿಲಿಮೀಟರ್. ಒಂದು ಇಂಚೆಂಬ ಹೆಸರಿದ್ದರೂ ಅದರ ಯಾವ ಅಂಚೂ ಇಂಚಿನಷ್ಟಿಲ್ಲ, ಮೂಲೆಯಿಂದ ಮೂಲೆಗೆ ಅಳೆದರೂ ಇಲ್ಲ. ಹಳೆಯ ಟಿವಿ ಕ್ಯಾಮರಾಗಳ ಗಾಜಿನ ನಳಿಕೆಯ ಅಳತೆ ಹೆಸರಾಗಿ ಉಳಿದುಕೊಂಡಿದೆ. ಸಾಮಾನ್ಯ ಮಿರರ್‌ಲೆಸ್ಸಿನ ಎಪಿಎಸ್-ಸಿ ಸೆನ್ಸರು ಸುಮಾರು 23.5ಕ್ಕೆ 15.6 ಮಿಲಿಮೀಟರ್. ಗುಣಿಸಿ ನೋಡಿದರೆ ಒಂದು ಇಂಚಿನದು ಅಗ್ಗದ ಕ್ಯಾಮರಾದ ನಾಲ್ಕರಷ್ಟು, ಎಪಿಎಸ್-ಸಿ ಅದರ ಮೂರರಷ್ಟು ವಿಸ್ತಾರವಾಗುತ್ತದೆ. ಇಲ್ಲಿಗೆ ಲೆಕ್ಕ ನಿಂತರೆ ಮಿರರ್‌ಲೆಸ್ಸೇ ಗೆದ್ದಂತೆ. ಅಂಗಡಿಯವನ ಲೆಕ್ಕ ಇಲ್ಲಿಗೇ ನಿಲ್ಲುತ್ತದೆ.

ಆದರೆ ಪಾತ್ರೆಯಷ್ಟೇ ಅಲ್ಲ, ಸೂರಿನ ದೋಣಿಯ ಅಗಲವನ್ನೂ ನೋಡಬೇಕು. ಲೆನ್ಸಿನ ಬಾಯಿ ಎಷ್ಟು ತೆರೆಯುತ್ತದೆಂಬುದನ್ನು ಅದರ ಮೇಲೆ ಎಫ್ ಎಂಬ ಅಂಕೆಯಿಂದ ಸೂಚಿಸಿರುತ್ತಾರೆ. ಅಂಕೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಅಂಕೆ ಇಮ್ಮಡಿಯಾದರೆ ಬೆಳಕು ನಾಲ್ಕರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮಿರರ್‌ಲೆಸ್ಸಿನೊಡನೆ ಪೆಟ್ಟಿಗೆಯಲ್ಲಿ ಬರುವ ಸಾಧಾರಣ ಜೂಮ್ ಲೆನ್ಸಿನ ಅಂಕೆ ಬಹುಮಟ್ಟಿಗೆ 3.5ರಿಂದ 5.6. ಒಂದು ಇಂಚಿನ ಒಳ್ಳೆಯ ಕಾಂಪ್ಯಾಕ್ಟುಗಳ ಲೆನ್ಸಿನ ಅಂಕೆ 1.8ರಿಂದ 2.8. ಎಂದರೆ ಕಾಂಪ್ಯಾಕ್ಟಿನ ಲೆನ್ಸು ಅಷ್ಟೇ ಜಾಗದ ಮೇಲೆ ನಾಲ್ಕರಷ್ಟು ಬೆಳಕು ಸುರಿಯುತ್ತದೆ. ಮಿರರ್‌ಲೆಸ್ಸಿನ ಸೆನ್ಸರಿಗೆ ಇರುವ ಮೇಲುಗೈ ಮೂರರಷ್ಟು ಮಾತ್ರ. ದೊಡ್ಡ ಕ್ಯಾಮರಾದ ಹಿರಿಮೆ ಅಲ್ಲಿಯೇ ಖರ್ಚಾಗಿ ಹೋಯಿತು! ಆ ಹಿರಿಮೆ ಬೇಕೆಂದರೆ ಬಾಯಗಲದ ಬೇರೊಂದು ಲೆನ್ಸನ್ನು ಕೊಳ್ಳಲೇಬೇಕು. ಅದನ್ನು ಕೊಂಡ ಮೇಲೆ ದೂರದ್ದಕ್ಕೊಂದು, ಹತ್ತಿರದ್ದಕ್ಕೊಂದು, ಅವೆಲ್ಲವನ್ನೂ ಇಡಲು ಒಂದು ಚೀಲ. ಮಿರರ್‌ಲೆಸ್ ಎಂದರೆ ಒಂದು ವಸ್ತುವಲ್ಲ, ಒಂದು ಸಂಸಾರ. ಸಂಸಾರ ಹೂಡುವ ಇಚ್ಛೆಯಿದ್ದವರು ಹೂಡಲಿ, ಬೇಡವೆನ್ನುವವನು ನಾನಲ್ಲ. ಪೆಟ್ಟಿಗೆಯ ಲೆನ್ಸೊಂದರಲ್ಲಿಯೇ ಜೀವಮಾನ ಕಳೆಯುವವರು ಮಾತ್ರ ಅಷ್ಟು ತೂಕವನ್ನು ವೃಥಾ ಹೊರುತ್ತಾರೆ.

ಇಷ್ಟು ಯಂತ್ರದ ಮಾತಾಯಿತು. ನನ್ನ ನಿರ್ಣಯ ಯಂತ್ರದಿಂದ ಬಂದುದಲ್ಲ.

ಸಿಂಧನೂರು ತಾಲೂಕಿನ ಆರ್.ಎಚ್. ಕ್ಯಾಂಪುಗಳ ಹೆಸರನ್ನು ಓದುಗರಲ್ಲಿ ಕೆಲವರಾದರೂ ಕೇಳಿರಬಹುದು. ಪೂರ್ವ ಬಂಗಾಳದಿಂದ ಎಲ್ಲವನ್ನೂ ತೊರೆದು ಬಂದ ಕುಟುಂಬಗಳಿಗೆ 1970ರ ದಶಕದ ಆರಂಭದಲ್ಲಿ ಸರಕಾರ ಇಲ್ಲಿ ಪುನರ್ವಸತಿ ಕಲ್ಪಿಸಿತು. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡ ಈ ಸೀಮೆಗೆ ಆಂಧ್ರದ ಕರಾವಳಿಯ ರೈತರೂ ಬಂದು ತಮ್ಮದೇ ಕ್ಯಾಂಪುಗಳನ್ನು ಕಟ್ಟಿಕೊಂಡವರು. ಆದರೆ ಅವರು ನೆಲ ಹುಡುಕಿಕೊಂಡು ಬಂದವರು, ಇವರು ನೆಲ ಕಳೆದುಕೊಂಡು ಬಂದವರು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದಾಗ ಆರ್.ಎಚ್. ಕ್ಯಾಂಪಿನ ಹುಡುಗರು ಪ್ರತಿ ವರ್ಷವೂ ನಾಲ್ಕಾರು ಮಂದಿ ತರಗತಿಯಲ್ಲಿರುತ್ತಿದ್ದರು. ಮನೆಯಲ್ಲಿ ಬಂಗಾಳಿ, ಸಂತೆಯಲ್ಲಿ ಸಿಂಧನೂರಿನ ಕನ್ನಡ, ನನ್ನೆದುರು ಹಳಗನ್ನಡ ಎಂದು ಮೂರು ದಡ ದಾಟುತ್ತಿದ್ದ ಆ ಹುಡುಗರ ಬಗ್ಗೆ ನನಗೆ ವಿಶೇಷ ಮಮತೆ. ಅವರಲ್ಲೊಬ್ಬ ಇಂದು ಮದುವೆಗಳ ಛಾಯಾಚಿತ್ರ ತೆಗೆಯುವ ವೃತ್ತಿಯಲ್ಲಿದ್ದಾನೆ. ಅವನ ಬಳಿ ಎರಡು ಮಿರರ್‌ಲೆಸ್, ನಾಲ್ಕು ಲೆನ್ಸು. ಕ್ಯಾಮರಾದ ವಿಷಯದಲ್ಲಿ ನಮ್ಮಿಬ್ಬರ ಗುರುಶಿಷ್ಯ ಸಂಬಂಧ ತಿರುಗುಮುರುಗಾಗಿದೆ; ನಾನೀಗ ಮೇಲೆ ಬರೆದ ಲೆಕ್ಕಗಳಲ್ಲಿ ಅರ್ಧದಷ್ಟು ಅವನು ಕಲಿಸಿದ್ದು.

ಅವನ ಮನೆಯಲ್ಲಿ ಅಜ್ಜನ ಭಾವಚಿತ್ರವೊಂದಿದೆ. ಹೊಲ ಕೈಗೆ ಬಂದ ಹೊಸತರಲ್ಲಿ ಸಿಂಧನೂರಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ಹಿಂದೆ ಸರೋವರ, ಅರಮನೆ ಬಿಡಿಸಿದ ಪರದೆ. ಮುಂದೆ ಕುರ್ಚಿಯ ಮೇಲೆ ಎರಡೂ ಅಂಗೈಗಳನ್ನು ಮೊಣಕಾಲಿನ ಮೇಲೊತ್ತಿ ಉಸಿರು ಬಿಗಿಹಿಡಿದ ಒಬ್ಬ ತೆಳ್ಳನೆಯ ಮನುಷ್ಯ. ಮನೆತನಕ್ಕೆ ಉಳಿದಿರುವುದು ಅದೊಂದೇ. ಅವರು ಕೆಸರಿನಲ್ಲಿ ನಿಂತದ್ದು, ಬಲೆ ಹೆಣೆದದ್ದು, ಮೊಮ್ಮಗನನ್ನು ಹೆಗಲಿಗೇರಿಸಿಕೊಂಡದ್ದು ಯಾವುದೂ ಇಲ್ಲ. ಅಜ್ಜಿಯ ವಿಷಯದಲ್ಲಿ ಹೀಗಾಗಬಾರದೆಂದು ನನ್ನ ಶಿಷ್ಯ ಪಣ ತೊಟ್ಟವನಂತೆ ತನ್ನ ಅತ್ಯುತ್ತಮ ಕ್ಯಾಮರಾ, ಮುಖಚಿತ್ರಕ್ಕೆಂದೇ ಇರುವ ಲೆನ್ಸು ಹಿಡಿದು ಹಲವು ಸಲ ಪ್ರಯತ್ನಿಸಿದ. ಎಂಬತ್ತು ದಾಟಿದ ಆ ತಾಯಿ ಕ್ಯಾಮರಾ ಕಂಡೊಡನೆ ಒಳಗೆ ಹೋಗುವರು, ಒಗೆದ ಸೀರೆ ಉಟ್ಟು ಬರುವರು, ಸೆರಗನ್ನು ಹಣೆಯವರೆಗೆ ಎಳೆದು ಕಂಬದಂತೆ ಕೂರುವರು. ಆ ಚಿತ್ರಗಳನ್ನು ನಾನು ನೋಡಿದ್ದೇನೆ. ಒಂದೊಂದು ನರೆಗೂದಲನ್ನೂ ಎಣಿಸಬಹುದು, ಅಷ್ಟು ಸ್ಪಷ್ಟ. ಹನ್ನೆರಡು ಚಿತ್ರಗಳಲ್ಲಿಯೂ ಒಂದೇ ಮುಖ. "ಇದು ಅಜ್ಜಿಯಲ್ಲ ಸರ್, ಅಜ್ಜಿಯ ಮೂರ್ತಿ" ಎಂದು ಅವನೇ ನೊಂದು ನುಡಿದ.

ಒಂದು ಮಧ್ಯಾಹ್ನ ನಾನು ಅವನ ಮನೆಗೆ ಹೋದಾಗ ಆಕೆ ಹಿಂದಿನ ಕಟ್ಟೆಯ ಮೇಲೆ ಬೊಟಿಯ ಮುಂದೆ ಕುಳಿತಿದ್ದರು. ಬೊಟಿ ಎಂದರೆ ನಮ್ಮ ಈಳಿಗೆಮಣೆಯೇ, ಕಾಲಿನಿಂದ ಮೆಟ್ಟಿಕೊಂಡು ಹೆಚ್ಚುವುದು. ಮೀನು ಹೆಚ್ಚುತ್ತಿದ್ದವರು ಮೊಮ್ಮಗನ ಲಿಂಗಾಯತ ಮೇಷ್ಟರನ್ನು ಕಂಡು ತಟ್ಟೆಯನ್ನು ಗೋಡೆಯ ಮರೆಗೆ ಸರಿಸಿ, ಬೊಟಿಯನ್ನು ಎರಡು ಸಲ ತೊಳೆದು, ಕುಂಬಳಕಾಯಿ ಕೈಗೆತ್ತಿಕೊಂಡರು. ನನಗಾಗಿ ಅಷ್ಟು ಶ್ರಮ ಬೇಡವೆಂದೆ, ಕೇಳಲಿಲ್ಲ. ಜುಬ್ಬದ ಕಿಸೆಯಿಂದ ಸಣ್ಣ ಕ್ಯಾಮರಾ ತೆಗೆದು ತೋರಿಸಿ, ಒಂದು ಚಿತ್ರ ತೆಗೆಯಲೇ ಎಂದು ಕೇಳಿದೆ. ಅದನ್ನು ಹೊರಳಿಸಿ ನೋಡಿ, "ಇದಕ್ಕೆಲ್ಲ ಏಳಬೇಕೇ?" ಎಂದು ನಕ್ಕು ತಮ್ಮ ಕೆಲಸ ಮುಂದುವರಿಸಿದರು. ಅಪ್ಪಣೆಯೂ ದೊರೆಯಿತು, ಚಿತ್ರವೂ ದೊರೆಯಿತು. ಕುಂಬಳದ ತಿರುಳು ಹತ್ತಿದ ಕೈ, ಬೊಟಿಯನ್ನು ಮೆಟ್ಟಿದ ಪಾದ, ಜಾರಿದ ಸೆರಗು, ನಗು ಇನ್ನೂ ಆರದ ಬಾಯಿ. ಅಂಚಿನಲ್ಲಿ ಸ್ವಲ್ಪ ಮಸುಕಿದೆ. ನನ್ನ ಶಿಷ್ಯ ಆ ಮಸುಕನ್ನು ನೋಡಲೇ ಇಲ್ಲ.

ದೊಡ್ಡ ಕ್ಯಾಮರಾ ತರುವ ಗಾಂಭೀರ್ಯಕ್ಕೂ ಅದರದೇ ಆದ ಬೆಲೆಯಿದೆ ಎಂಬುದನ್ನು ಮರೆಯಲಾಗದು. ನಮ್ಮ ರಾಯಚೂರು ಸೀಮೆ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲಕ್ಕೆ ಹೈದರಾಬಾದಿನ ಆಸ್ಥಾನ ಛಾಯಾಗ್ರಾಹಕರಾಗಿದ್ದ ರಾಜಾ ದೀನದಯಾಳರು (1844-1905) ಗಾಜಿನ ಫಲಕಗಳ ಮೇಲೆ ತೆಗೆದ ಚಿತ್ರಗಳಲ್ಲಿ ಯಾರೂ ಅಲುಗಿಲ್ಲ, ಯಾರೂ ಆಕಸ್ಮಿಕವಾಗಿ ನಕ್ಕಿಲ್ಲ. ಆ ಸ್ಥೈರ್ಯದಲ್ಲಿಯೇ ಅವುಗಳ ಘನತೆಯಿದೆ. ಮದುವೆಯ ದಿನ, ಹಿರಿಯರ ಅರವತ್ತು ತುಂಬಿದ ದಿನ ಅಂತಹ ಚಿತ್ರವೇ ಬೇಕು. ಆದರೆ ವರ್ಷದಲ್ಲಿ ಅಂತಹ ದಿನಗಳು ಎಷ್ಟು?

ನನ್ನನ್ನು ಸಾಕಿ ಓದಿಸಿದ ಶ್ರೀಮಠದ ಹಿರಿಯ ಪೂಜ್ಯರು ಲಿಂಗೈಕ್ಯರಾಗಿ ಮೂವತ್ತು ವರ್ಷಗಳು ಮೀರಿದವು. ಅವರದೂ ಒಂದೇ ಚಿತ್ರ. ಪೇಟೆಯಿಂದ ಬಂದ ಛಾಯಾಗ್ರಾಹಕರು ಮೂರು ಕಾಲಿನ ಮೇಲೆ ಪೆಟ್ಟಿಗೆ ನಿಲ್ಲಿಸಿ, ಕರಿಯ ಬಟ್ಟೆಯೊಳಗೆ ತಲೆ ತೂರಿಸಿ ತೆಗೆದದ್ದು. ಪೀಠ, ರುದ್ರಾಕ್ಷಿ, ವಿಭೂತಿ, ಅಲುಗದ ದೃಷ್ಟಿ. ಇಂದು ಕ್ಯಾಲೆಂಡರಿನಲ್ಲಿ, ಪಲ್ಲಕ್ಕಿಯಲ್ಲಿ, ಪುಸ್ತಕಗಳ ಮುಖಪುಟದಲ್ಲಿ ಇರುವುದೆಲ್ಲ ಅದೇ. ನಾವು ಹುಡುಗರು ಕಂಡ ಪೂಜ್ಯರು ಬೇರೆಯೇ ಇದ್ದರು. ಕನ್ನಡಕದ ಕಡ್ಡಿ ಮುರಿದರೆ ದಾರ ಕಟ್ಟಿಕೊಂಡು ವರ್ಷಗಟ್ಟಲೆ ಅದರಲ್ಲಿಯೇ ಓದಿದವರು; ಬೆಳಗಿನ ಜಾವ ಕಂದೀಲಿನ ಮುಂದೆ ಓಲೆಗರಿಯನ್ನು ಓರೆಯಾಗಿ ಹಿಡಿದು ಅಕ್ಷರ ಹುಡುಕುತ್ತಿದ್ದವರು; ದಾಸೋಹದ ಅಡುಗೆಮನೆಯ ಹೊಸ್ತಿಲಲ್ಲಿ ನಮ್ಮೊಡನೆ ಶೇಂಗಾ ಸುಲಿಯುತ್ತ ಅಮರಕೋಶದ ಪ್ರಶ್ನೆ ಕೇಳುತ್ತಿದ್ದವರು. ಆಗಲೂ ಸಣ್ಣ ಕ್ಯಾಮರಾಗಳಿದ್ದವು. ಬಡೋದೆಯಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್ 3 ಎಂಬುದು 120ರ ಒಂದು ಸುರುಳಿಗೆ 12 ಚಿತ್ರ ಕೊಡುತ್ತಿತ್ತು, ಪೇಟೆಯ ಕೆಲವು ಮನೆಗಳಲ್ಲಿ ಇರುತ್ತಿತ್ತು. ಅದು ಮಠದ ಅಡುಗೆಮನೆಯವರೆಗೆ ಬರಲಿಲ್ಲ. ಆ ಮುಖ ಈಗ ನಮ್ಮಂತಹ ಏಳೆಂಟು ಮಂದಿ ಮುದುಕರ ನೆನಪಿನಲ್ಲಿ ಮಾತ್ರ ಇದೆ. ನಮ್ಮೊಡನೆ ಅದೂ ಹೋಗುತ್ತದೆ.

ಈ ಕಾರಣದಿಂದ ನಿತ್ಯದ ಬಳಕೆಗೆ ನನ್ನ ಮತ ಕಾಂಪ್ಯಾಕ್ಟಿನ ಕಡೆಗೆ. 250ರಿಂದ 300 ಗ್ರಾಮಿನ ವಸ್ತು ಕಿಸೆಯಲ್ಲಿ ಕುಳಿತು ಹೊಲಕ್ಕೆ, ಸಂತೆಗೆ, ಆಸ್ಪತ್ರೆಗೆ ಬರುತ್ತದೆ. ಒಂದು ಕಿಲೋ ತೂಗುವ ಚೀಲವನ್ನು ಇಂದು ಬೇಕೋ ಬೇಡವೋ ಎಂದು ಯೋಚಿಸಿ ಎತ್ತಿಕೊಳ್ಳಬೇಕಾಗುತ್ತದೆ, ಮೂರು ತಿಂಗಳಲ್ಲಿ ಆ ಯೋಚನೆಯೂ ನಿಂತು ಅದು ಕಪಾಟು ಸೇರುತ್ತದೆ.

ಹಾಗೆಂದು ಕಾಂಪ್ಯಾಕ್ಟನ್ನು ಹೊಗಳಿ ಕೈಬಿಡುವಂತಿಲ್ಲ. ನಮ್ಮ ಸೀಮೆಯ ಬಿಸಿಲು, ಧೂಳು ಎರಡೂ ಅದಕ್ಕೆ ಶತ್ರುಗಳು. ಬಿಸಿಲಿನ ಮಾತು ಮೊದಲು. ಚೈತ್ರ ವೈಶಾಖಗಳ ನಡುಹಗಲಿನಲ್ಲಿ ಮಸ್ಕಿಯ ಬಂಡೆಗಳ ನಡುವೆ ನಿಂತು ಕ್ಯಾಮರಾದ ಹಿಂದಿನ ಪರದೆಯನ್ನು ನೋಡಿದರೆ ಕಾಣುವುದು ನೋಡುವವನ ಮುಖವೇ, ಅದೂ ಬೆವರಿದ ಮುಖ. ಅರವತ್ತು ದಾಟಿದ ಕಣ್ಣಿಗೆ ಮತ್ತೊಂದು ಕಷ್ಟ: ಹತ್ತಿರದ ಪರದೆಗೆ ಚಾಳೀಸು ಬೇಕು, ದೂರದ ದೃಶ್ಯಕ್ಕೆ ಬೇಡ. ಇವೆರಡಕ್ಕೂ ಪರಿಹಾರ ಕಣ್ಣಿಗೊತ್ತಿ ನೋಡುವ ಕಿಂಡಿ. ಅದರ ಪಕ್ಕದಲ್ಲಿ ಡಯಾಪ್ಟರ್ ಎಂಬ ಸಣ್ಣ ತಿರುಪು ಇರುತ್ತದೆ. ಅದನ್ನು ನಮ್ಮ ದೃಷ್ಟಿಗೆ ಹೊಂದಿಸಿಕೊಂಡರೆ ಕನ್ನಡಕವಿಲ್ಲದೆಯೂ ಸ್ಪಷ್ಟವಾಗಿ ಕಾಣುತ್ತದೆ. ಮಿರರ್‌ಲೆಸ್ಸುಗಳಲ್ಲಿ ಬಹುಪಾಲು ಇಂತಹ ಕಿಂಡಿಯುಂಟು. ಕಾಂಪ್ಯಾಕ್ಟುಗಳಲ್ಲಿ ವಿರಳ. ಛಾಯಾಗ್ರಾಹಕರು ಬಹುವಾಗಿ ಮೆಚ್ಚುವ ರಿಕೋ ಜಿಆರ್ ಮಾಲಿಕೆಯಲ್ಲಿ ಎಪಿಎಸ್-ಸಿ ಸೆನ್ಸರೇ ಇದ್ದರೂ ಕಿಂಡಿಯಿಲ್ಲ. ಫ್ಯೂಜಿಫಿಲ್ಮಿನ ಎಕ್ಸ್100 ಮಾಲಿಕೆಯಲ್ಲಿ ಸೊಗಸಾದ ಕಿಂಡಿಯಿದೆ, ಆದರೆ ಅದು ಕಿಸೆಗೆ ದೊಡ್ಡದು, 2024ರಲ್ಲಿ ಬಂದ ಆರನೆಯ ಮಾದರಿ ಅರ್ಧ ಕಿಲೋ ದಾಟುತ್ತದೆ. ಸೋನಿಯ ಆರ್‌ಎಕ್ಸ್100 ಮಾಲಿಕೆ 2012ರಲ್ಲಿ ಆರಂಭವಾದಾಗ ಕಿಂಡಿಯಿರಲಿಲ್ಲ, 2014ರ ಮೂರನೆಯ ಮಾದರಿಯಲ್ಲಿ ಒತ್ತಿದರೆ ಮೇಲೇಳುವ ಪುಟ್ಟ ಕಿಂಡಿಯನ್ನು ಅಳವಡಿಸಿದರು. ನಾಲ್ವತ್ತು ದಾಟಿದವರು ಯಾವುದನ್ನೇ ಕೊಳ್ಳಲಿ, ಕಿಂಡಿಯಿಲ್ಲದ್ದನ್ನು ಕೊಳ್ಳುವ ಮುನ್ನ ಅದನ್ನು ಅಂಗಡಿಯಿಂದ ಬೀದಿಯ ಬಿಸಿಲಿಗೆ ತಂದು ನೋಡಬೇಕು. ಅಂಗಡಿಯ ನೆರಳಿನಲ್ಲಿ ಎಲ್ಲ ಪರದೆಯೂ ಚೆಲುವಾಗಿಯೇ ಕಾಣುತ್ತದೆ.

ಇನ್ನು ಧೂಳು. ಭತ್ತದ ಕಟಾವಿನ ಯಂತ್ರ ಗದ್ದೆಗಿಳಿದ ವಾರವೆಲ್ಲ ಗಾಳಿಯಲ್ಲಿ ಹೊಟ್ಟು ತೇಲುತ್ತಿರುತ್ತದೆ. ಅಂತಹ ಕಡೆ ಮಿರರ್‌ಲೆಸ್ಸಿನ ಲೆನ್ಸು ಬಿಚ್ಚುವುದೆಂದರೆ ತೆರೆದ ಗಾಯವನ್ನು ಗಾಳಿಗೊಡ್ಡಿದಂತೆ. ಕಾಂಪ್ಯಾಕ್ಟಿನಲ್ಲಿ ಬಿಚ್ಚುವ ಮಾತಿಲ್ಲವಾದ್ದರಿಂದ ಅದು ಸುರಕ್ಷಿತವೆಂದು ಹೇಳುವವರುಂಟು. ಪೂರ್ತಿ ನಿಜವಲ್ಲ. ಒಳಕ್ಕೂ ಹೊರಕ್ಕೂ ಚಾಚುವ ಅದರ ಕೊಳವೆ ತಿದಿಯಂತೆ ಗಾಳಿಯನ್ನೆಳೆಯುತ್ತದೆ, ಗಾಳಿಯೊಡನೆ ಕಿಸೆಯ ನೂಲು, ಹೊಲದ ಪುಡಿ ಒಳಸೇರುತ್ತವೆ. ಮಿರರ್‌ಲೆಸ್ಸಿನ ಸೆನ್ಸರಿಗೆ ಕೂತ ಧೂಳನ್ನು ರಬ್ಬರಿನ ಗಾಳಿಬುಡ್ಡೆಯಿಂದ ನಾವೇ ಊದಿ ಹಾರಿಸಬಹುದು. ಕಾಂಪ್ಯಾಕ್ಟಿನೊಳಗೆ ಕೂತರೆ ಇಡೀ ಕ್ಯಾಮರಾವನ್ನು ಬಿಚ್ಚಬೇಕು. ನನ್ನ ಕ್ಯಾಮರಾದಲ್ಲಿ ಒಂದು ಕಲೆ ಕಾಣಿಸಿಕೊಂಡಾಗ ದೊಡ್ಡ ಊರಿನ ರಿಪೇರಿಯವರು ಕೇಳಿದ ಹಣದಲ್ಲಿ ಅಂಥದೇ ಹಳೆಯ ಕ್ಯಾಮರಾವೊಂದರ ಅರ್ಧ ಬೆಲೆ ತೀರುತ್ತಿತ್ತು. ಮನೆಯವರು ಬಟ್ಟೆಯ ಸಣ್ಣ ಚೀಲವೊಂದನ್ನು ಹೊಲಿದುಕೊಟ್ಟರು, ಅಂದಿನಿಂದ ಅದರೊಳಗಿಟ್ಟೇ ಕಿಸೆಗೆ ಹಾಕುತ್ತೇನೆ. ಕಟಾವಿನ ದಿನಗಳಲ್ಲಿ ಗದ್ದೆಯ ಬದುವಿನಲ್ಲಿ ಅದನ್ನು ತೆರೆಯುವುದಿಲ್ಲ.

ಮಿರರ್‌ಲೆಸ್ಸಿನ ಸ್ಥಾನ ಎಲ್ಲಿ ಎಂಬುದನ್ನು ನಮ್ಮ ಮಠದ ಕೆಲಸವೇ ತೋರಿಸಿಕೊಟ್ಟಿತು. ಓಲೆಗರಿಯ ಅಕ್ಷರ ಶಾಯಿಯಿಂದ ಬರೆದುದಲ್ಲ, ಕಂಟದಿಂದ ಕೊರೆದುದು. ಕೊರೆದ ಗೀರಿಗೆ ತುಂಬಿದ ಮಸಿ ಅಳಿಸಿಹೋಗಿದ್ದರೆ ನೇರ ಬೆಳಕಿನಲ್ಲಿ ಏನೂ ಕಾಣದು, ಬದಿಯಿಂದ ಓರೆಯಾಗಿ ಬೆಳಕು ಬಿದ್ದಾಗ ಗೀರಿನ ನೆರಳಿನಿಂದ ಅಕ್ಷರ ಎದ್ದು ಬರುತ್ತದೆ. ನನ್ನ ಕಾಂಪ್ಯಾಕ್ಟು ಅಷ್ಟು ಹತ್ತಿರದ್ದನ್ನು ಹಿಡಿಯಬೇಕಾದರೆ ಗರಿಯಿಂದ ನಾಲ್ಕು ಬೆರಳಿನಷ್ಟು ದೂರಕ್ಕೆ ಹೋಗಬೇಕು. ಆಗ ಅದರ ನೆರಳೇ ಗರಿಯ ಮೇಲೆ ಬೀಳುತ್ತದೆ, ನೀಳವಾದ ಗರಿಯ ತುದಿಗಳು ಬಾಗಿದಂತೆ ಕಾಣುತ್ತವೆ. ಮಿರರ್‌ಲೆಸ್ಸಿಗೆ ಮ್ಯಾಕ್ರೋ ಲೆನ್ಸು ತೊಡಿಸಿದರೆ ದೂರದಿಂದಲೇ ಗರಿಯನ್ನು ಅಂಚಿನಿಂದಂಚಿಗೆ ಸರಿಸಮವಾಗಿ ಹಿಡಿಯಬಹುದು. ಫ.ಗು. ಹಳಕಟ್ಟಿಯವರು 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸುವ ಮುನ್ನ ಇಂತಹ ಕಟ್ಟುಗಳನ್ನು ಮನೆಮನೆಗಳಿಂದ ಅರಸಿ ತಂದವರು. ಅವರಿಗೆ ಇದ್ದುದು ಕಣ್ಣು ಮತ್ತು ಕೈ ಮಾತ್ರ. ಇಂದು ಇಷ್ಟು ಅನುಕೂಲವಿದ್ದೂ ಮಠದ ಕಟ್ಟುಗಳು ಹುಳುವಿನ ಪಾಲಾಗುವುದಾದರೆ ಅದಕ್ಕೆ ಸಮಾಧಾನವಿಲ್ಲ. ಮಠಕ್ಕೆ, ಗ್ರಂಥಾಲಯಕ್ಕೆ, ವೃತ್ತಿಯಾಗಿ ಕೈಗೊಳ್ಳುವ ತರುಣರಿಗೆ ನಿಸ್ಸಂದೇಹವಾಗಿ ಮಿರರ್‌ಲೆಸ್ಸೇ ಆಗಬೇಕು.

ಮಸ್ಕಿಯ ಅಶೋಕನ ಶಾಸನದ ಬಳಿ ಇದೇ ಮಾತು ಅರ್ಧ ಸತ್ಯವಾಗುತ್ತದೆ. ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ 1915ರಲ್ಲಿ ಕಂಡುಹಿಡಿದ, 'ದೇವಾನಾಂಪ್ರಿಯ'ನ ಹೆಸರು ಅಶೋಕನೆಂದು ಸ್ಪಷ್ಟವಾಗಿ ನುಡಿದ ಆ ಬಂಡೆಗೆ ಬೀಳುವುದು ಮಬ್ಬು ಬೆಳಕು. ಸಂರಕ್ಷಿತ ತಾಣಗಳಲ್ಲಿ ಮೂರು ಕಾಲಿನ ಸ್ಟ್ಯಾಂಡ್ ಹೂಡಲು ಪುರಾತತ್ವ ಇಲಾಖೆಯ ಮುಂಗಡ ಅನುಮತಿ ಬೇಕು. ಅಲ್ಲಿ ಕೈಯಲ್ಲೇ ಹಿಡಿದು ತೆಗೆಯುವವನಿಗೆ ಬಾಯಗಲದ ಲೆನ್ಸಿನ ಕಾಂಪ್ಯಾಕ್ಟು ಸಾಕಷ್ಟು ನೆರವಾಗುತ್ತದೆ. ಸಂಶೋಧನ ಪತ್ರಿಕೆಗೆ ಕಳಿಸಬೇಕಾದರೆ ಅನುಮತಿ ಪಡೆದು ಶಿಷ್ಯನನ್ನೂ ಅವನ ಸಂಸಾರವನ್ನೂ ಕರೆದೊಯ್ಯುತ್ತೇನೆ.

"ಮೊಬೈಲ್ ಇರುವಾಗ ಇದೆಲ್ಲ ಏಕೆ?" ಎಂದು ಕೇಳುವವರ ಮಾತಿನಲ್ಲಿ ಹುರುಳಿದೆ. ಜಪಾನಿನ ಕ್ಯಾಮರಾ ತಯಾರಕರ ಸಂಘದ ಲೆಕ್ಕದಂತೆ 2010ರಲ್ಲಿ ಜಗತ್ತಿಗೆ ರವಾನೆಯಾದ ಡಿಜಿಟಲ್ ಕ್ಯಾಮರಾಗಳು 12 ಕೋಟಿಗೂ ಮಿಕ್ಕಿದ್ದವು, 2023ರಲ್ಲಿ 80 ಲಕ್ಷವನ್ನೂ ಮುಟ್ಟಲಿಲ್ಲ. ನಡುವೆ ಬಂದದ್ದು ಮೊಬೈಲು. ಬಿಸಿಲಿನಲ್ಲಿ ನಿಂತ ಮಗುವಿನ ಚಿತ್ರಕ್ಕೆ ಅದು ಯಥೇಷ್ಟವಾಯಿತು, ಸಾಲ ಮಾಡಿ ಕ್ಯಾಮರಾ ತರುವ ಅಗತ್ಯ ಯಾವ ಕುಟುಂಬಕ್ಕೂ ಇಲ್ಲ. ನನಗೆ ಅದು ಒಗ್ಗದ ಕಾರಣ ಬೇರೆ. ಚಿತ್ರಕ್ಕೆಂದು ತೆಗೆದರೆ ಕರೆ ಬರುತ್ತದೆ, ಕರೆ ಮುಗಿಯುವಷ್ಟರಲ್ಲಿ ಸಂದೇಶ ಬರುತ್ತದೆ, ಅಷ್ಟರಲ್ಲಿ ಅಜ್ಜಿಯ ನಗು ಮುಗಿದಿರುತ್ತದೆ. ಸಂಜೆಯ ಮನೆಯೊಳಗಿನ ಮಂದ ಬೆಳಕಿನಲ್ಲಿ ಅದರ ಸಣ್ಣ ಸೆನ್ಸರು ಯುಕ್ತಿಯಿಂದ ಮುಖದ ಸುಕ್ಕುಗಳನ್ನು ಒರೆಸಿ ನುಣುಪು ಮಾಡುತ್ತದೆ. ಎಂಬತ್ತರ ಮುಖಕ್ಕೆ ಸುಕ್ಕೇ ಇತಿಹಾಸ.

ಕಾಂಪ್ಯಾಕ್ಟು ಅಗ್ಗವೆಂಬ ಹಳೆಯ ತಿಳಿವಳಿಕೆಯನ್ನು ಮಾತ್ರ ಬಿಡಬೇಕು. ಅಗ್ಗದವುಗಳನ್ನು ಮೊಬೈಲು ನುಂಗಿತು, ಉಳಿದವುಗಳಲ್ಲಿ ಒಳ್ಳೆಯವು ಕೆಲವು ಆರಂಭಿಕ ಮಿರರ್‌ಲೆಸ್ಸಿಗಿಂತ ದುಬಾರಿ. ನಾನು ಕೊಂಡದ್ದು ಒಬ್ಬರು ಬಳಸಿ ಬಿಟ್ಟದ್ದು, ಒಂದು ಇಂಚಿನ ಸೆನ್ಸರು, ಕಿಂಡಿಯಿರುವಂಥದು. ಹಳೆಯದನ್ನು ಕೊಳ್ಳುವವರು ಲೆನ್ಸಿನ ಎಫ್ ಅಂಕೆಯನ್ನು ಅತ್ಯಂತ ಹೆಚ್ಚಿಗೆ ಏರಿಸಿ ಬಿಳಿಯ ಗೋಡೆಯ ಅಥವಾ ನಿರ್ಮಲ ಆಕಾಶದ ಚಿತ್ರ ತೆಗೆದು ನೋಡಲಿ. ಒಳಗೆ ಧೂಳಿದ್ದರೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಕೊಳವೆಯನ್ನು ಹತ್ತು ಸಲ ಚಾಚಿ ಮಡಚಲಿ. ಕರಕರ ಸದ್ದು ಬಂದರೆ ಬೇಡ. ಬ್ಯಾಟರಿ ಚಿಕ್ಕದು, ದಿನವಿಡೀ ಬಾರದು, ಎರಡನೆಯದೊಂದನ್ನು ಕೊಂಡಿರಬೇಕು.

ತಿಂಗಳಿಗೊಮ್ಮೆ ಹತ್ತು ಚಿತ್ರಗಳನ್ನು ಆರಿಸಿ ಶಿಷ್ಯನ ಬಳಿ ಕಾಗದಕ್ಕೆ ಇಳಿಸಿಕೊಳ್ಳುತ್ತೇನೆ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ತಾರೀಖು ಬರೆಯುವುದು ನನ್ನ ರೂಢಿ. ಬಾಲ್‌ಪೆನ್ನು ಒತ್ತಿದರೆ ಗೆರೆ ಮುಂಬದಿಗೆ ಮೂಡುತ್ತದೆ. ಅಜ್ಜಿಯ ಚಿತ್ರದ ಹಿಂದೆ ಆರ್.ಎಚ್. ಕ್ಯಾಂಪ್, ಸಿಂಧನೂರು ತಾಲೂಕು ಎಂದು ಕನ್ನಡದಲ್ಲಿ ಬರೆದು ಕೊಟ್ಟೆ. ಶಿಷ್ಯ ಅದನ್ನು ಒಳಗೆ ಒಯ್ದ. ಆಕೆ ಏನೋ ಹೇಳಿದರು, ಅವನು ಪೆನ್ಸಿಲು ಕೇಳಿ ಪಡೆದು ಅದರ ಕೆಳಗೆ ಬಂಗಾಳಿಯಲ್ಲಿ ಮತ್ತೊಂದು ಊರಿನ ಹೆಸರನ್ನು ಬರೆದ.